ರೋಸಿಯ ಸ್ವೆಟರ್ ಜೇಬು

ಶುಕ್ರವಾರ ಬೆಳಗ್ಗೆ ಹತ್ತಾದರೂ ರೋಸಿ ಕುರ್ಚಿಯಿಂದ ಏಳಲಿಲ್ಲ. ಕರೆದರೆ ಓಗೊಡಲಿಲ್ಲ. ತುಟಿ ನೀಲಿಗಟ್ಟಿತ್ತು, ಉಸಿರು ಅಲ್ಲೊಂದು ಇಲ್ಲೊಂದು. ಅಮೆರಿಕದ ಕೆನ್ಮೋರ್‌ನಲ್ಲಿದ್ದ ಮಗಳ ಮನೆಗೆ ಆಂಬುಲೆನ್ಸ್ ಬಂತು. ಮೂಗಿಗೆ ಔಷಧಿ ಸಿಂಪಡಿಸಿದಾಗ ಕಣ್ಣು ಬಿಟ್ಟಳು, ಮತ್ತೆ ಮಂಪರಿಗೆ ಜಾರಿದಳು. ಅಫೀಮಿನ ಜಾತಿಯ ನೋವಿನ ಮಾತ್ರೆ ಎಂದರು ಆಸ್ಪತ್ರೆಯವರು. ಯಾವುದು, ಎಷ್ಟು ಎಂದು ಬೇಗ ತಿಳಿಯಬೇಕಿತ್ತು.

ಗಂಡ ಒಸ್ವಾಲ್ಡ್ ಮಂಗಳೂರಿನ ನಿವೃತ್ತ ಇನ್ಸ್‌ಪೆಕ್ಟರ್. ಗಂಡ ಹೆಂಡತಿ ಮಗಳು ಶರೋನ್‌ಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಒಸ್ವಾಲ್ಡ್ ಮೀಸೆ ಬೋಳಿಸಿದ್ದರೂ ತಿರುವುವ ಅಭ್ಯಾಸ ಬಿಟ್ಟಿರಲಿಲ್ಲ. ಅವನು ಆಗಲೇ ಅಪರಾಧಿಯನ್ನು ಹಿಡಿದಾಗಿತ್ತು: ಅಳಿಯ ಡ್ಯಾರಿಲ್. ಬೆನ್ನಿನ ಆಪರೇಷನ್ ಆದಾಗ ಇಂಥದೇ ಮಾತ್ರೆಯ ಚಟಕ್ಕೆ ಬಿದ್ದು ಎದ್ದವನು. ಬಚ್ಚಿಟ್ಟದ್ದು ಅತ್ತೆಯ ಕೈಗೆ ಸಿಕ್ಕಿರಬೇಕು.

ಆಸ್ಪತ್ರೆಯಲ್ಲಿ, ಶರೋನ್ ಎದುರೇ, ಠಾಣೆಯ ಗತ್ತಿನಲ್ಲಿ ವಿಚಾರಣೆ ಶುರುಮಾಡಿದ.

"ಎಲ್ಲಿಟ್ಟಿದ್ದಿ?"

"ಎರಡು ವರ್ಷ ಆಯ್ತು ಪಪ್ಪಾ, ಒಂದೂ ಮುಟ್ಟಿಲ್ಲ."

"ಕಳ್ಳ ಯಾವತ್ತಾದ್ರೂ ಒಪ್ತಾನಾ?"

ಡ್ಯಾರಿಲ್ ತಲೆ ತಗ್ಗಿಸಿದ. ಒಸ್ವಾಲ್ಡನಿಗೆ ಅಷ್ಟೇ ಸಾಕ್ಷಿ ಸಾಕಾಯಿತು.

* * *

ಮೈ ತುರಿಕೆ, ಮಲಬದ್ಧತೆ ಇತ್ತೇ ಎಂದು ನರ್ಸ್ ಕೇಳಿದಳು. ಈ ಮಾತ್ರೆಯ ಅಡ್ಡಪರಿಣಾಮಗಳಂತೆ. ಒಸ್ವಾಲ್ಡ್ ಬೆಚ್ಚಿದ. ಬುಧವಾರದಿಂದ ರೋಸಿ ಕೈಗೆ ಎಣ್ಣೆ ತಿಕ್ಕುತ್ತಿದ್ದಳು, ಬಾಳೆಹಣ್ಣು ಕೇಳುತ್ತಿದ್ದಳು. ಇವನು ನಕ್ಕಿದ್ದ.

ಮಂಗಳವಾರ ಸರೋವರದ ದಡದಲ್ಲಿ ವಾಕಿಂಗ್‌ಗೆ ಹೋದಾಗ ಅವಳು ಹಾಕಿದ್ದ ಸ್ವೆಟರನ್ನು ಅವನು ಆಸ್ಪತ್ರೆಗೆ ತಂದಿದ್ದ, ಕೈಯಲ್ಲೇ ಇತ್ತು. ಜೇಬು ತಡಕಿದ. ನಾಲ್ಕು ಮಡಿಕೆಯ ಟಿಶ್ಯೂ, ಒಳಗೆ ಎರಡು ಮಾತ್ರೆ. ವಾಕಿಂಗ್ ಗೆಳತಿ ಕಮಲಾ ದೇವಸ್ಥಾನದ ಪ್ರಸಾದ ಕೊಡುತ್ತಿದ್ದದ್ದು ಹೀಗೇ ಮಡಚಿ.

ಫೋನಿನಲ್ಲಿ ಕಮಲಾ ಅತ್ತುಬಿಟ್ಟರು. ತಮ್ಮ ಗಂಡನ ಮಂಡಿ ಆಪರೇಷನ್‌ಗೆ ಕೊಟ್ಟದ್ದು ಉಳಿದಿತ್ತು, ರೋಸಿಗೂ ಮಂಡಿ ನೋವು, ಊರಲ್ಲಿ ಕೊಡುವ ಹಾಗೆ ಎಂಟು ಕೊಟ್ಟೆ ಎಂದರು. ಡಾಕ್ಟರ್ ಉಳಿದದ್ದನ್ನು ಬಿಡಿಸಿ ಹೇಳಿದರು: ಊರಿಂದ ತಂದ ನಿದ್ರೆ ಮಾತ್ರೆಯನ್ನೂ ರೋಸಿ ದಿನಾ ನುಂಗುತ್ತಿದ್ದಳು, ಎರಡೂ ಸೇರಿ ಉಸಿರಾಟವನ್ನೇ ಕುಗ್ಗಿಸಿದ್ದವು.

* * *

ಸಂಜೆ ರೋಸಿಗೆ ಪೂರ್ತಿ ಎಚ್ಚರವಾಯಿತು.

"ಕದ್ದು ನುಂಗುವಂಥದ್ದು ಏನಿತ್ತು?" ಎಂದ ಒಸ್ವಾಲ್ಡ್.

"ಮಂಡಿ ನೋವು ಅಂದಾಗ ನೀವೇ ಹೇಳಿದ್ದಲ್ವಾ? ಇಲ್ಲಿ ಡಾಕ್ಟರ ಹತ್ರ ಹೋದ್ರೆ ಮಗಳು ಮನೆ ಮಾರ್ಬೇಕು, ಬಾಯಿ ಮುಚ್ಚಿ ಸಹಿಸು ಅಂತ."

ಒಸ್ವಾಲ್ಡನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಬಾಗಿಲ ಹೊರಗೆ ಡ್ಯಾರಿಲ್ ಬೆಳಗ್ಗಿನಿಂದ ಏನೂ ತಿನ್ನದೆ ಕೂತಿದ್ದ. ಒಸ್ವಾಲ್ಡ್ ಶರೋನ್‌ಳನ್ನೂ ಕರೆದ. ಅವಳ ಎದುರೇ ಅವಮಾನ ಮಾಡಿದ್ದು, ಅವಳ ಎದುರೇ ಹೇಳಬೇಕಿತ್ತು.

"ಕಳ್ಳ ಒಪ್ತಾ ಇದ್ದಾನೆ, ಡ್ಯಾರಿಲ್," ಎಂದ. "ರೋಸಿಯ ಬಾಯಿ ಮುಚ್ಚಿಸಿದ್ದು ನಾನು."