ನನ್ನ ಸರ್ವರ್ ಬಿಟ್ಟುಹೋಗಿ

"ಪ್ರೇಕ್ಷಾ ಅವ್ರೇ, ದಯವಿಟ್ಟು ನನ್ನ ಸರ್ವರ್ ಬಿಟ್ಟುಹೋಗಿ. ಸಂಜೆ ಠಾಣೆ ಸ್ಟೇಷನ್ನಲ್ಲಿ ಸಿಗಿ, ಹೇಳ್ತೀನಿ. ಸುಮುಖ."

ಮೆಸೇಜ್ ನೋಡಿ ವಾಶಿಯ ಆಫೀಸಿನ ಎಸಿಯಲ್ಲೂ ಪ್ರೇಕ್ಷಾಳಿಗೆ ಬೆವರಿಳಿಯಿತು. ಓದಿಬಿಟ್ಟಿದ್ದಾನೆ!

2018ರ ಮಾತು. ದೊಡ್ಡ ಕಂಪನಿಗಳು ನಮ್ಮ ಹರಟೆಯನ್ನೂ ಮಾರಿಕೊಳ್ಳುತ್ತವೆ ಎಂದು ಸಿಟ್ಟಾದ ಮೈಸೂರಿನ ಸುಮುಖ, ಐರೋಲಿಯ ತನ್ನ ಬಾಡಿಗೆ ಮನೆಯಲ್ಲಿ ಹಳೆ ಕಂಪ್ಯೂಟರೊಂದನ್ನು ಇಟ್ಟು ಠಾಣೆ ಕಡೆಯ ಕನ್ನಡದವರಿಗಾಗಿ ಪುಟ್ಟ ಸೋಶಿಯಲ್ ನೆಟ್‌ವರ್ಕ್ ನಡೆಸುತ್ತಿದ್ದ. ಇಂಥ ಸರ್ವರುಗಳು ಊರೂರಲ್ಲೂ ಇದ್ದವು, ಹೌಸಿಂಗ್ ಸೊಸೈಟಿಗಳ ಹಾಗೆ. ಯಾವುದರಲ್ಲಿದ್ದರೂ ಉಳಿದವರ ಜೊತೆ ಹರಟಬಹುದು, ಬೇಸರವಾದರೆ ಗಂಟುಮೂಟೆ ಕಟ್ಟಿ ಇನ್ನೊಂದಕ್ಕೆ ಹೋಗಬಹುದು. ಒಂದೇ ತೊಡಕು. ಸರ್ವರ್ ಸರ್ವರದು, ಕೀಲಿಕೈ ಮಾತ್ರ ಸುಮುಖನದು. ಮನಸ್ಸು ಮಾಡಿದರೆ ಅವನು ಯಾರ ಖಾಸಗಿ ಮೆಸೇಜನ್ನಾದರೂ ಓದಬಹುದು. ಇದು ಪ್ರೇಕ್ಷಾಳಿಗೆ ಗೊತ್ತಾದದ್ದು ನಿನ್ನೆ.

ಅಷ್ಟರಲ್ಲಿ ಗೆಳತಿ ಯಾಮಿನಿಗೆ ಅದೇ ಸರ್ವರಿನಲ್ಲಿ ತಿಂಗಳುಗಟ್ಟಲೆ ಬರೆದಾಗಿತ್ತು. ಎಲ್ಲವೂ ಸುಮುಖನ ಬಗ್ಗೆಯೇ! ವಾಶಿ ಲೋಕಲ್ ಟ್ರೇನ್‌ನಲ್ಲಿ ಅವಳನ್ನು ಕಂಡಾಗ ಅವನ ಕಣ್ಣು ಮೊದಲು ನಗುವುದು, ತುಟಿಗೆ ಆಮೇಲೆ ನೆನಪಾಗುವುದು, ಅವಳು ನೋಡಿದೊಡನೆ ಅವನು ಕಿಟಕಿಯತ್ತ ತಿರುಗುವುದು... ಇದು ಕೋಪರಿಯಲ್ಲಿ ಹೋಟೆಲ್ ನಡೆಸುವ ಅಪ್ಪ ದೇಜಪ್ಪನ ಕಿವಿಗೆ ಬಿದ್ದರೆ? ಅದಕ್ಕಿಂತ, ಓದಿದವನೇ 'ಹೋಗು' ಎಂದನಲ್ಲ!

ಸಂಜೆ ಪ್ಲಾಟ್‌ಫಾರಂ ಬೆಂಚಿನಲ್ಲಿ ಸುಮುಖ ಕೂತಿದ್ದ. ಅವಳು ಎರಡು ಹೆಜ್ಜೆ ದೂರದಲ್ಲೇ ನಿಂತು ಕೇಳಿದಳು.

"ಓದಿದ್ರಾ?"

"ಏನನ್ನ?"

"ನಾಟಕ ಬೇಡ ಮಾರಾಯ್ರೆ. ನಾನು ಯಾಮಿನಿಗೆ ಬರ್ದದ್ದು."

ಅವನ ಮುಖ ಬಿಳುಚಿತು. "ಅಯ್ಯೋ, ಇಲ್ಲ ಕಣ್ರೀ! ಆದ್ರೆ..."

"ಆದ್ರೆ ಎಂತ?"

"ಮೊನ್ನೆ ಓದ್ಬೇಕು ಅನ್ನಿಸ್ಬಿಡ್ತು. ನಿಮ್ಮ ಮನಸ್ಸಲ್ಲಿ ಯಾರಿದ್ದಾರೆ ಅಂತ. ಕೈ ಕೀಬೋರ್ಡ್ ತನಕ ಹೋಗಿತ್ತು. ಹೆದರಿ ಪ್ಲಗ್ಗೇ ಕಿತ್ತುಬಿಟ್ಟೆ."

"ಸರ್ವರ್ ನಿಂತದ್ದಕ್ಕೆ ಕರೆಂಟ್ ಹೋಯ್ತು ಅಂತ ಪೋಸ್ಟ್ ಹಾಕಿದ್ರಲ್ಲ?"

"ಹೋಗಿದ್ದು ನನ್ನ ಬುದ್ಧಿ." ಅವನ ದನಿ ಇಳಿಯಿತು. "ನೀವು ನಂಗೆ ತುಂಬಾ ಇಷ್ಟ. ಅದಕ್ಕೇ ನಿಮ್ಮ ಗುಟ್ಟು ನನ್ನ ಕೈಲಿರಬಾರ್ದು. ಬೇರೆ ಸರ್ವರ್‌ಗೆ ಹೋಗಿ, ಇಲ್ಲಿರೋದನ್ನ ನೀವೇ ಡಿಲೀಟ್ ಮಾಡಿ. ಆಮೇಲೆ ನನ್ನ ಬೇಡ ಅಂದ್ರೂ ಸರಿ."

ನಂಬುವುದೋ ಬಿಡುವುದೋ? ಪ್ರೇಕ್ಷಾ ಅವನನ್ನೇ ದಿಟ್ಟಿಸಿದಳು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. ಬ್ಯಾಗಿನ ಪಟ್ಟಿಯನ್ನು ಮಾತ್ರ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದ. ಓದಿದ್ದರೆ ಉತ್ತರ ಗೊತ್ತಿರುತ್ತಿತ್ತು. ಉತ್ತರ ಗೊತ್ತಿದ್ದವನು ಹೀಗೆ ಚಡಪಡಿಸುತ್ತಾನೆಯೇ?

ಅವಳು ಫೋನ್ ತೆಗೆದಳು. ಬೆಂಗಳೂರಿನ ಯಾರದೋ ಸರ್ವರಿನಲ್ಲಿ ಹೊಸ ಖಾತೆ ತೆರೆದು, ಹಳೆಯದನ್ನು ಅಳಿಸಿದಳು.

"ಎಲ್ಲಾ ಹೋಯ್ತು."

"ಹಾಗಾದ್ರೆ... ಯಾರು ಅಂತ ಕೇಳ್ಬಹುದಾ?"

"ಬರ್ದದ್ದೆಲ್ಲ ನಿಮ್ಮ ಬಗ್ಗೆಯೇ ಮಾರಾಯ್ರೆ! ಇನ್ನು ಬಾಯಲ್ಲೇ ಹೇಳ್ಬೇಕಷ್ಟೆ. ತುಂಬಾ ಹೊತ್ತು ಹಿಡೀತದೆ."

ಸುಮುಖ ಬ್ಯಾಗನ್ನು ಮಡಿಲಿಗೆಳೆದುಕೊಂಡು, ಬೆಂಚಿನಲ್ಲಿ ಅವಳಿಗೆ ಜಾಗ ಮಾಡಿದ.