ಮೂರನೇ ದಿನದ ಐಸ್

"ಏಯ್! ಹೊರಗೆ ಬರ್ತೀಯೋ, ಇಲ್ಲಾ ಗಾಡೀನ ನಿನ್ ಮೇಲೇ ಹತ್ತಿಸ್ಲೋ?"

ನೀರು ಬಿಟ್ಟು ಐಸ್ ನುಣುಪು ಮಾಡುವ ಗಾಡಿಯ ಮೇಲೆ ಕೂತು ಐಲಿ ಎರಡನೇ ಸಲ ಹಾರ್ನ್ ಒತ್ತಿದಳು.

ಪಂದ್ಯಕ್ಕೆ ಮುಂಚಿನ ಅಭ್ಯಾಸ ಮುಗಿಸಿ ಉಳಿದವರೆಲ್ಲ ಒಳಗೆ ಹೋಗಿಯಾಗಿತ್ತು. ಎದುರಾಳಿ ತಂಡದ ಗೋಲ್‌ಕೀಪರ್ ಒಬ್ಬ ಮಾತ್ರ ಗೋಲಿನ ಮುಂದೆ ಮಂಡಿಯೂರಿ, ಕೈಗವಸು ಕಳಚಿ, ಬರಿಗೈಯಲ್ಲಿ ಐಸ್ ಸವರುತ್ತಿದ್ದ.

ಅವನು ನಿಧಾನಕ್ಕೆ ತಲೆ ಎತ್ತಿದ. ಬೂದು ಕಣ್ಣು. ಮೂಗಿನ ಮೇಲೆ ಹಳೆಯ ಗಾಯದ ಗುರುತು.

"ಈ ಮೂಲೆ ಮೆತ್ತಗಿದೆ. ಬೆಳಿಗ್ಗೆ ಯಾರೋ ನೀರು ಜಾಸ್ತಿ ಬಿಟ್ಟಿದಾರೆ."

ಐಲಿ ಹಾರ್ನಿನಿಂದ ಕೈ ತೆಗೆದಳು.

ಅವನು ಹೇಳಿದ್ದು ನಿಜ! ಬೇಡ ಬೇಡ ಅಂದರೂ ಕೇಳದೆ ಬೆಳಿಗ್ಗೆ ಅಪ್ಪ ಒಂದು ಸುತ್ತು ಗಾಡಿ ಓಡಿಸಿದ್ದ. ಅಪ್ಪ ರೈನೋ ಕಾಂಗಸ್ ಅಂದರೆ ಈ ಐಸ್ ಹಾಕಿ ರಿಂಕಿನಲ್ಲಿ ಮೂವತ್ತೊಂದು ವರ್ಷದ ಹೆಸರು. ಆ ಕೈ ನಡುಗಲು ಶುರುವಾಗಿ ಎರಡು ವರ್ಷ. ಅಂದಿನಿಂದ ಗಾಡಿ ಐಲಿಯದು, ಹೆಸರು ಮಾತ್ರ ಅಪ್ಪನದು. ಊರಿನ ಕಣ್ಣಿಗೆ ಅವಳು ಅಪ್ಪನಿಗೆ ಕೈಜೋಡಿಸುವ ಮಗಳು, ಅಷ್ಟೇ.

'ಎರಡು ವರ್ಷದಲ್ಲಿ ಯಾರಿಗೂ ಗೊತ್ತಾಗದ್ದು ಇವನಿಗೆ ಹೇಗೆ ಗೊತ್ತಾಯ್ತು?'

"ಐಸ್ ಬಗ್ಗೆ ಅಷ್ಟು ಗೊತ್ತಿದ್ರೆ ಗಾಡಿ ನೀನೇ ಓಡ್ಸು," ಅಂದಳು ಮುಖ ಗಂಟಿಕ್ಕಿ.

"ಕೊಡ್ತೀಯಾ? ಹೇಗೂ ಮುಂದಿನ ವಾರದಿಂದ ನಂಗೆ ಕೆಲ್ಸ ಇಲ್ಲ."

ಅವನು ನಕ್ಕ. ಆ ನಗುವಿನಲ್ಲಿ ನಗು ಇರಲಿಲ್ಲ.

ಅದು ಕಾಲೇಜು ಐಸ್ ಹಾಕಿಯ ವಲಯ ಪಂದ್ಯಾವಳಿಯ ಮೊದಲ ಸುತ್ತು. ಮೂರರಲ್ಲಿ ಎರಡು ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಎಂಟು ತಂಡಗಳಲ್ಲಿ ಐಲಿಯ ಊರಿನ ಕಾಲೇಜು ಮೊದಲನೆಯದು, ಅವನ ಲಾರ್ಕಿನ್ ಕಾಲೇಜು ಕಟ್ಟಕಡೆಯದು. ಅಷ್ಟೇ ಅಲ್ಲ... ಈ ವರ್ಷದ ನಂತರ ಹಾಕಿ ತಂಡವನ್ನೇ ಮುಚ್ಚುವುದಾಗಿ ಲಾರ್ಕಿನ್ ಜನವರಿಯಲ್ಲೇ ಹೇಳಿಬಿಟ್ಟಿತ್ತು. ಸೋತ ದಿನವೇ ಆ ತಂಡ ಇಲ್ಲವಾಗುತ್ತದೆ.

ಆ ಶುಕ್ರವಾರ ಅವರು ಐದು ಗೋಲು ತಿಂದು ಸೋತರು. ಅವನು ನಲವತ್ತೆಂಟು ಹೊಡೆತ ತಡೆದಿದ್ದ.

*

ಶನಿವಾರ ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಬಂದು ಗಾಡಿ ನಿಲ್ಲುವ ಬಾಗಿಲ ಬಳಿ ನಿಂತ. ಐಲಿ ಪೆಟ್ಟಿಗೆಯ ಮೇಲೆ ಕೂತು ತಿಂಡಿ ತಿನ್ನುತ್ತಿದ್ದಳು.

"ಎಮೆರಿ," ಅಂದ ಅವನು, ತನ್ನ ಎದೆ ತೋರಿಸಿ.

"ಗೊತ್ತು. ನಿನ್ನೆ ಗೋಲು ಬಿದ್ದಾಗೆಲ್ಲ, ಐದು ಸಲ ಮೈಕಲ್ಲಿ ಹೇಳಿದ್ರು ನಿನ್ ಹೆಸ್ರು."

"ಅಯ್ಯೋ, ಗಾಯಕ್ಕೆ ಉಪ್ಪು ಸವರ್ತೀಯಲ್ಲೇ!"

ಅವಳಿಗೆ ನಗು ತಡೆಯಲಾಗಲಿಲ್ಲ. ತನ್ನ ಹೆಸರು ಹೇಳಿ, ಕೈಯಲ್ಲಿದ್ದ ಪಾಸ್ಟಿ ಕಡುಬನ್ನು ಮುರಿದು ಅರ್ಧ ಅವನಿಗೆ ಕೊಟ್ಟಳು. ಒಳಗಿನ ಮಾಂಸ, ಆಲೂಗೆಡ್ಡೆಯಿಂದ ಇನ್ನೂ ಹಬೆ ಏಳುತ್ತಿತ್ತು.

"ಕೆಚಪ್ ಇದೆಯಾ?"

"ಬಚಾವಾದೆ. ನಮ್ಮೂರಲ್ಲಿ ಪಾಸ್ಟಿಗೆ ಕೆಚಪ್ಪೇ. ಗ್ರೇವಿ ಕೇಳಿದ್ದಿದ್ರೆ ವಾಪಸ್ ಕಿತ್ಕೊಳ್ತಿದ್ದೆ."

ತಿನ್ನುತ್ತಾ ಅವನು ಮಾತಾಡಿದ. ನಾಲ್ಕು ವರ್ಷದಲ್ಲಿ ತನ್ನ ತಂಡ ಒಂದು ಸಲವೂ ಮೊದಲ ಸುತ್ತು ದಾಟಿಲ್ಲ ಅಂದ. ತಂಡ ಮುಚ್ಚುತ್ತಾರೆ ಅಂದಮೇಲೆ ಆರು ಜನ ಬಿಟ್ಟು ಹೋದರು ಅಂದ.

"ನೀನ್ಯಾಕೆ ಹೋಗ್ಲಿಲ್ಲ?"

"ಗೋಲಲ್ಲಿ ಯಾರಾದ್ರೂ ನಿಲ್ಬೇಕಲ್ಲ..."

ಅಷ್ಟು ಸಣ್ಣ ಮಾತು! ಎರಡು ವರ್ಷದಿಂದ ಅವಳೂ ಇದೇ ಕಾರಣಕ್ಕಲ್ಲವೇ ಆ ಗಾಡಿಯ ಮೇಲೆ ಕೂತಿರುವುದು?

ಮಧ್ಯಾಹ್ನದ ಪಂದ್ಯದಲ್ಲಿ ಯಾರೂ ಎಣಿಸದ್ದು ನಡೆಯಿತು. ಲಾರ್ಕಿನ್ ಎರಡು ಗೋಲು, ಊರಿನ ತಂಡ ಒಂದು! ಮೂರು ಸಾವಿರ ಜನ ತೆಪ್ಪಗೆ ಕೂತಿದ್ದಾಗ ಗಾಡಿಯ ಬಾಗಿಲ ಹಿಂದೆ ಒಬ್ಬಳು ಮಾತ್ರ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕುಣಿದಳು.

ಸಂಜೆ ಇಬ್ಬರೂ ಸುಪೀರಿಯರ್ ಸರೋವರದ ದಡದಲ್ಲಿ ನಡೆದರು. ಹೆಪ್ಪುಗಟ್ಟಿದ ನೀರಿನ ಮೇಲಿಂದ ಗಾಳಿ ಕೊಯ್ಯುವಂತೆ ಬೀಸುತ್ತಿತ್ತು. ಅವನು ತನ್ನ ಮಫ್ಲರ್ ತೆಗೆದು ಅವಳ ಕೊರಳಿಗೆ ಸುತ್ತಿದ. ಸುತ್ತಿದ ಕೈ ಅಲ್ಲೇ ಉಳಿಯಿತು.

"ನಾಳೆ ಗೆಲ್ಲಲ್ಲ ನಾವು. ಗೊತ್ತು ನಂಗೆ," ಅಂದ. "ಆದ್ರೂ... ಆಟ ಮುಗಿದ್ಮೇಲೆ ಬಾಗಿಲ ಹತ್ರ ಇರ್ತೀಯಾ, ಐಲಿ?"

"ಇರ್ತೀನಿ."

ಅವನು ಬಾಗಿದ. ತುಟಿ ತಣ್ಣಗಿತ್ತು. ಅವಳ ಮೈಯೆಲ್ಲ ಬೆಚ್ಚಗಾಯಿತು.

*

ಭಾನುವಾರ ಮಧ್ಯಾಹ್ನ. ಮೂರನೇ ಪಂದ್ಯ.

ಎರಡು-ಎರಡು. ಹೆಚ್ಚುವರಿ ಆಟ ಒಂದು ಮುಗಿದರೂ ತೀರ್ಮಾನವಿಲ್ಲ. ಎಮೆರಿ ಗೋಡೆಯಂತೆ ನಿಂತಿದ್ದ. 'ದೇವ್ರೇ, ಇವನು ಗೆದ್ದುಬಿಡ್ತಾನಾ?' ಆಸೆಪಡಲು ಐಲಿಗೆ ಭಯವಾಗುತ್ತಿತ್ತು.

ಎರಡನೇ ಹೆಚ್ಚುವರಿ ಆಟಕ್ಕೆ ಮೊದಲು ಐಸ್ ನುಣುಪು ಮಾಡಬೇಕಿತ್ತು. ಗಾಡಿಯ ಬಳಿ ಓಡಿಬಂದರೆ ಅಪ್ಪ ಆಗಲೇ ಮೇಲೆ ಕೂತಿದ್ದ. ಮೈಮೇಲೆ ಒಳ್ಳೆಯ ಅಂಗಿ.

"ಅಪ್ಪಾ, ಇಳಿ. ಇವತ್ತು ಬೇಡ."

"ಇದೇ ನನ್ ಕಡೇ ವರ್ಷ ಮಗಳೇ. ಒಂದೇ ಒಂದು ಸುತ್ತು."

"ಅಪ್ಪಾ... ಕೈ..."

"ಇವತ್ತು ಚೆನ್ನಾಗಿದೆ. ನೋಡು!" ಕೈ ಮುಂದೆ ಚಾಚಿದ. ನಿಜಕ್ಕೂ ನಡುಗುತ್ತಿರಲಿಲ್ಲ.

ಗಾಡಿ ಹೊರಟಿತು. ಅವನನ್ನು ನೋಡಿದ್ದೇ ತಡ, ಜನ ಎದ್ದು ನಿಂತರು. "ರೈನೋ! ರೈನೋ!" ಅಪ್ಪ ಟೋಪಿ ಎತ್ತಿದ. ಅವನ ಮುಖದಲ್ಲಿ ಅಂಥ ಬೆಳಕನ್ನು ಅವಳು ನೋಡಿ ಎಷ್ಟು ಕಾಲವಾಗಿತ್ತು!

ಕೊನೆಯ ತಿರುವಿನಲ್ಲಿ ನೀರು ನಿಲ್ಲಿಸುವ ಹಿಡಿಕೆ ಅವನ ಕೈಗೆ ಸಿಗಲಿಲ್ಲ. ಬೆರಳು ಒಂದು ಸಲ ಜಾರಿತು, ಇನ್ನೊಂದು ಸಲ ಜಾರಿತು. ಎಮೆರಿ ನಿಲ್ಲಬೇಕಿದ್ದ ಗೋಲಿನ ಎಡಗಂಬದ ಬಳಿ ನೀರು ಚೆಲ್ಲಿ ನಿಂತಿತು. ಹೆಪ್ಪುಗಟ್ಟಿದರೆ ಅಲ್ಲೊಂದು ಸಣ್ಣ ಉಬ್ಬು ಏಳುತ್ತದೆ.

ಐಲಿ ಸಲಿಕೆ ಹಿಡಿದು ಹೊರಟಳು. ಅಷ್ಟರಲ್ಲಿ ಎರಡೂ ತಂಡ ಹೊರಗೆ ಬಂದಾಗಿತ್ತು.

ರೆಫರಿ ಅವಳ ಪಕ್ಕಕ್ಕೆ ಜಾರಿಬಂದು ಕೇಳಿದ, "ಎಲ್ಲಾ ಸರಿ ಇದ್ಯೇನಮ್ಮಾ?"

ಒಂದು ಮಾತು ಸಾಕಿತ್ತು. ಎರಡು ನಿಮಿಷ ಆಟ ನಿಲ್ಲುತ್ತಿತ್ತು. ಮೂರು ಸಾವಿರ ಜನರ ಮುಂದೆ ಅವಳು ಆ ಜಾಗ ಕೆರೆಯುತ್ತಿದ್ದಳು, ಅಪ್ಪ ಅದನ್ನು ನೋಡುತ್ತಾ ನಿಲ್ಲುತ್ತಿದ್ದ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ...

"ಸರಿ ಇದೆ," ಅಂದಳು ಐಲಿ.

ನಾಲ್ಕನೇ ನಿಮಿಷ. ದೂರದಿಂದ ಬಂದ ಹೊಡೆತ, ಏನೂ ಜೋರಿರಲಿಲ್ಲ. ಮಕ್ಕಳೂ ತಡೆಯಬಹುದಾದದ್ದು. ಎಮೆರಿ ಸ್ಟಿಕ್ ಅಡ್ಡ ಇಟ್ಟ. ಆ ಕಪ್ಪು ರಬ್ಬರ್ ಬಿಲ್ಲೆ ಎಡಗಂಬದ ಬಳಿಯ ಉಬ್ಬಿಗೆ ತಗುಲಿ ಪುಟಿದು, ಸ್ಟಿಕ್ ದಾಟಿ, ಒಳಗೆ ಬಿತ್ತು.

ಛಾವಣಿ ಹಾರಿಹೋಗುವಂಥ ಕೂಗು!

ಎಮೆರಿ ಮಂಡಿಯೂರಿದ. ಕೈಗವಸು ಕಳಚಿ ಐಸ್ ಸವರಿದ. ಬೆರಳು ಒಂದು ಕಡೆ ನಿಂತಿತು. ಆಮೇಲೆ ತಲೆ ಎತ್ತಿ, ಇಡೀ ರಿಂಕಿನಲ್ಲಿ ಐಲಿಯೊಬ್ಬಳನ್ನೇ ನೋಡಿದ.

*

ಮಾತು ಕೊಟ್ಟಂತೆ ಅವಳು ಬಾಗಿಲ ಬಳಿ ಇದ್ದಳು. ಅವನೂ ಬಂದ. ಕಣ್ಣು ಕೆಂಪಾಗಿತ್ತು.

"ಐಸ್ ಮಾಡೋದು ನೀನು. ಅಲ್ವಾ?"

ಆಟಗಾರರು ಒಳಗಿದ್ದಾಗ ಗಾಡಿ ಓಡಿಸಿದ್ದು ಯಾರೆಂದು ಅವನು ನೋಡಿರಲಿಲ್ಲ. ಅವನ ಬೆನ್ನ ಹಿಂದೆ, ಸ್ವಲ್ಪ ದೂರದಲ್ಲಿ, ಜನ ಅಪ್ಪನ ಕೈ ಕುಲುಕುತ್ತಿದ್ದರು.

"ಹೌದು," ಅಂದಳು. "ನಾನೇ."

"ನಿಂಗೆ ನಿಮ್ಮೂರು ಗೆಲ್ಬೇಕಿತ್ತು. ಅದನ್ನ ಮೊದ್ಲೇ ಹೇಳ್ಬೋದಿತ್ತಲ್ಲ! ನಿನ್ನೆ ನನ್ ಪಕ್ಕ ನಡೀತಿದ್ದಾಗ್ಲೂ ಇದೇ ತಲೇಲಿತ್ತಾ?"

"ಎಮೆರಿ, ಹಾಗಲ್ಲ..."

"ಮತ್ತೆ ಹೇಗೆ? ಹೇಳು."

ಅವಳು ಅಪ್ಪನ ಕಡೆ ನೋಡಿ ತಲೆ ತಗ್ಗಿಸಿದಳು. ಅವನು ಕಾದ. ಬಸ್ಸಿನಿಂದ ಯಾರೋ ಕೂಗಿದರು. ಅವನು ತಿರುಗಿ ನೋಡದೆ ಹೋದ. ಇನ್ನು ಇಲ್ಲದ ತಂಡವೊಂದನ್ನು ಹೊತ್ತು ಬಸ್ಸು ಹಿಮದ ರಸ್ತೆಯಲ್ಲಿ ಮರೆಯಾಯಿತು.

ಮೂರು ದಿನ ಐಲಿಗೆ ಊಟ ಸೇರಲಿಲ್ಲ. ನಾಲ್ಕನೇ ದಿನ ಅಪ್ಪ ಎದುರಿಗೆ ಕೂತ.

"ಕಂಬದ ಹತ್ರ ನೀರು ಬಿಟ್ಟಿದ್ದು ನಾನು. ಗಾಡಿ ಮೇಲಿದ್ದಾಗ್ಲೇ ಗೊತ್ತಾಯ್ತು ನಂಗೆ. ಆವತ್ತು ಬಾಗಿಲ ಹತ್ರ ನೀವಾಡಿದ್ದು ಕೇಳಿಸ್ತು. ಆ ಹುಡುಗನ ಹತ್ರ ನೀನ್ಯಾಕೆ ಒಪ್ಕೊಂಡೆ?"

ಅವಳು ಅಪ್ಪನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅವನ ಕೈ ಅವಳ ತಲೆಯ ಮೇಲೆ ಬಂತು. ಸವರಲು ಹೋದರೂ ಬರೀ ನಡುಗಿತು.

*

ಏಪ್ರಿಲ್ ಕೊನೆಯಲ್ಲಿ ರಿಂಕಿನ ಐಸ್ ತೆಗೆಯುತ್ತಾರೆ. ಐಲಿ ಒಬ್ಬಳೇ ಕರಗಿದ ನೀರನ್ನು ಮೋರಿಗೆ ತಳ್ಳುತ್ತಿದ್ದಳು. ಐಸಿನೊಳಗೆ ಬರೆದಿದ್ದ ಕೆಂಪು, ನೀಲಿ ಗೆರೆಗಳ ಬಣ್ಣ ನೀರಲ್ಲಿ ಕಲಸಿಹೋಗಿತ್ತು.

ಹಿಂದಿನಿಂದ ಹೆಜ್ಜೆ ಸದ್ದು. ತಿರುಗಿದಳು.

ಎಮೆರಿ! ಗಡ್ಡ ಬೆಳೆದಿತ್ತು. ಕೈಯಲ್ಲೊಂದು ಕಾಗದ.

"ನಿಮ್ಮಪ್ಪ ಬರ್ದಿದಾರೆ. ಕಾಲೇಜಿಗೆ ಹೋಗಿ, ಅಲ್ಲಿಂದ ಒಂಟಾರಿಯೊದ ನಮ್ಮನೆಗೆ ಬಂತು. ನಾಲ್ಕೇ ಸಾಲು, ಓದೋಕೆ ಅರ್ಧ ಗಂಟೆ ಬೇಕಾಯ್ತು." ಅವನು ಕಾಗದ ಬಿಡಿಸಿ ತೋರಿಸಿದ. "ಅಕ್ಷರ ನೋಡಿದ ತಕ್ಷಣ ಗೊತ್ತಾಯ್ತು ಐಲಿ. ಆ ಕೈ... ನಾನು ನಿಂಗೆ ಏನೆಲ್ಲಾ ಅಂದ್ಬಿಟ್ಟೆ! ನಿಂದೇನೂ ತಪ್ಪಿರ್ಲಿಲ್ಲ."

ಅವನು ತೋಳು ಚಾಚಿ ಹತ್ತಿರ ಬಂದ. ಅವಳು ಹಿಂದೆ ಸರಿದಳು.

'ಸುಮ್ಮನಿದ್ದರೆ ಇವನು ನನ್ನವನು. ಒಂದೇ ಒಂದು ಸಲ ಸುಮ್ಮನಿದ್ದರೆ...'

"ಇತ್ತು," ಅಂದಳು. "ತಪ್ಪಿತ್ತು, ಎಮೆರಿ. ಆ ನೀರನ್ನ ನಾನು ನೋಡ್ದೆ. ಆಟ ಶುರುವಾಗೋಕೆ ಮುಂಚೆನೇ. ಎಲ್ಲಾ ಸರಿ ಇದ್ಯಾ ಅಂತ ರೆಫರಿ ಕೇಳಿದ್ರು. ಸರಿ ಇದೆ ಅಂದೆ. ಜನ ಅಪ್ಪಂಗೆ ಚಪ್ಪಾಳೆ ಹೊಡೀತಿದ್ರು... ನಾನು ಅಪ್ಪನ್ನ ಉಳಿಸ್ಕೊಂಡೆ, ನಿನ್ನ ಬಿಟ್ಟೆ."

ಅವನು ಕಾಗದ ಮಡಚಿ ಜೇಬಿಗೆ ಹಾಕಿದ.

"ಗೆದ್ದಿದ್ರೂ ಮುಂದಿನ ವಾರ ಸೋಲ್ತಿದ್ವಿ," ಅಂದ. "ಇನ್ನೊಂದು ವಾರ ಅಷ್ಟೇ ಸಿಗ್ತಿದ್ದಿದ್ದು."

"ಹೂಂ."

"ಆ ವಾರ ನಂಗೆ ಬೇಕಿತ್ತು, ಐಲಿ."

"ಗೊತ್ತು..."

ಅವನು ಒದ್ದೆ ಕಾಂಕ್ರೀಟಿನ ಮೇಲೆ ಕುಸಿದು ಕೂತು ಅತ್ತ. ಸೋತ ದಿನ ಅಳದೆ ಉಳಿದದ್ದೆಲ್ಲ ಆಗ ಬಂತು. ಅವಳು ಹತ್ತಿರ ಹೋಗಲೋ ಬೇಡವೋ ಎಂದು ನಿಂತೇ ಇದ್ದಳು. ಕೊನೆಗೆ ಅವನೇ ಕೈ ಚಾಚಿ, ಅವಳ ಬೆರಳು ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡ.

"ಅಪ್ಪ ಹೇಗಿದಾರೆ?"

"ಚಮಚ ಹಿಡಿಯೋಕೂ ಆಗಲ್ಲ ಈಗ. ವಾಸಿಯಾಗಲ್ಲ ಅಂದ್ರು ಡಾಕ್ಟ್ರು. ನಾನು ಎಲ್ಲೂ ಬರೋಕಾಗಲ್ಲ."

"ನಂಗೂ ಇಲ್ಲಿರೋಕಾಗಲ್ಲ. ಗಣೀಲಿ ಕೆಲ್ಸ ಸಿಕ್ಕಿದೆ, ಸೋಮವಾರದಿಂದ. ಎಂಟು ಗಂಟೆ ದಾರಿ ಇಲ್ಲಿಂದ."

ಇಬ್ಬರೂ ಜೊತೆಗಿರುವ ದಾರಿ ಯಾವುದೂ ಕಾಣುತ್ತಿರಲಿಲ್ಲ. ಅವಳು ಅವನ ಭುಜಕ್ಕೆ ತಲೆ ಆನಿಸಿದಳು. ಅವನು ಬೇಡ ಅನ್ನಲಿಲ್ಲ.

"ಬರೀ ಬೈಯೋಕೆ, ಇಲ್ಲಾ ಕ್ಷಮೆ ಕೇಳೋಕೆ ಅಂತ ಇಷ್ಟು ದೂರ ಬರ್ಲಿಲ್ಲ ನಾನು," ಅಂದ. "ನೀನಂದ್ರೆ ನಂಗೆ ಇಷ್ಟ. ಸೋತ ದಿನಾನೂ ಇಷ್ಟ ಇತ್ತು. ಅದಕ್ಕೇ ಅಷ್ಟು ನೋವಾಗಿದ್ದು."

ಐಲಿಯ ಕಣ್ಣೀರು ಅವನ ತೋಳಿಗೆ ಇಳಿಯಿತು. "ನಂಗೂ ಅಷ್ಟೇ..."

"ಆದ್ರೆ ಕೋಪ ಪೂರ್ತಿ ಹೋಗಿಲ್ಲ."

"ಇರ್ಲಿ. ಫೋನ್ ಮಾಡ್ತೀಯಾ?"

"ಭೂಮಿ ಒಳಗೆ ಸಿಗ್ನಲ್ ಇರಲ್ಲ ಕಣೇ."

"ಮೇಲೆ ಬಂದ ತಕ್ಷಣ ಮಾಡು."

"ದಿನಾನಾ?"

"ದಿನಾ."

"ಕೋಪ ಇದ್ದ ದಿನ?"

"ಆವತ್ತು ಮೊದ್ಲು ಮಾಡು," ಅಂದಳು ಐಲಿ, ಅವನ ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು.