ಸಾಧುವಿನ ವೇಷದ ಹವಳ

ಬ್ರಷ್ಷು ಇನ್ನೂ ಅಪ್ಪನ ಕೈಯಲ್ಲೇ ಇತ್ತು. ಬೋಗುಣಿಯ ನೀರು ತಣ್ಣಗಾಗಿತ್ತು. ಅದರೊಳಗೊಂದು ಹವಳದ ಕಲ್ಲು. ಅಂಗಡಿಯ ಹಿಂಗೋಣೆಯಲ್ಲಿ ಅಪ್ಪ ಮಗ್ಗುಲಾಗಿ ಬಿದ್ದಿದ್ದರು. ಊಟಕ್ಕೆ ಕರೆಯಲು ಬಂದ ಪುಟ್ಟಿ ಎರಡು ಸಲ ಕೂಗಿದಳು. ಆಮೇಲೆ ಬೀದಿಗೆ ಓಡಿ ಜನರನ್ನು ಕರೆತಂದಳು. ಆಸ್ಪತ್ರೆ ಮುಟ್ಟುವ ಮುಂಚೆಯೇ ಉಸಿರು ನಿಂತಿತ್ತು.

ಪುಟ್ಟಿ ಎಂದರೆ ಚಿಕ್ಕವಳೇನಲ್ಲ. ಗಾಜಿನ ತೊಟ್ಟಿಗಳಲ್ಲಿ ಕಡಲಜೀವಿ ಸಾಕಿ ಮಾರುವ ಆ ಅಂಗಡಿಯಲ್ಲಿ, ಬಂದ ಹವಳ ಯಾವ ಜಾತಿಯದೆಂದು ಹೇಳುವವಳು ಅವಳೇ. ಅಂಗಡಿಯನ್ನು ಅವಳ ಹೆಸರಿಗೆ ಮಾಡಬೇಕೆಂದು ಅಪ್ಪ ಓಡಾಡುತ್ತಿದ್ದರು. ಸಾವಿನ ಕಾರಣವನ್ನು ವೈದ್ಯರು ಹೇಳಿದರು. ಗುಂಡಿ ಹವಳದ ವಿಷ. ಅಂಗಿಯ ಗುಂಡಿಯಷ್ಟಗಲದ ಪುಟ್ಟ ಜೀವಿಗಳಾದ ಪಾಲಿಪ್‌ಗಳು — ಒಂದೊಂದಕ್ಕೂ ನಡುವೆ ಬಾಯಿ, ಸುತ್ತ ಎಳೆಯಂಥ ಕೈಗಳು — ಕಲ್ಲಿನ ಮೇಲೆ ಕಳೆಯಂತೆ ಹಬ್ಬುತ್ತವೆ. ಇದರಲ್ಲಿ ಎರಡು ಬಗೆ. ಅಂಗಡಿಯವರ ಬಾಯಲ್ಲಿ ಒಂದು ಸಾಧು, ಇನ್ನೊಂದು ಘಾತುಕ. ಮುಟ್ಟಿದರೆ ಎರಡೂ ಮುದುಡುತ್ತವೆ, ಮುದುಡಿದರೆ ಅವಳಿ ಮಕ್ಕಳ ಹಾಗೆ. ಘಾತುಕ ಬಿಸಿನೀರಿಗೆ ಬಿದ್ದರೆ ಅದರ ಆವಿಯೇ ವಿಷ.

ಹಿಂದಿನ ಸಂಜೆ, ಹಸಿರು ಅಂಚು ಕಿತ್ತಳೆ ಬಳೆಯೊಡನೆ ಅರಳಿದ್ದ ಪಾಲಿಪ್‌ಗಳನ್ನು ಭೂತಗನ್ನಡಿಯಲ್ಲಿ ನೋಡಿ, ಇದು ಸಾಧು, ಬಿಸಿನೀರಲ್ಲಿ ಉಜ್ಜಿ ತೆಗೆಯಬಹುದು ಎಂದು ಅಪ್ಪನಿಗೆ ಹೇಳಿ ಬೋಗುಣಿಯಲ್ಲಿ ಇಟ್ಟವಳು ಪುಟ್ಟಿ. ಈಗ ಬೋಗುಣಿಯಲ್ಲಿ ಸಿಕ್ಕಿದ್ದು ಘಾತುಕ.

ಅಂಗಡಿಯಲ್ಲಿ ಅಪ್ಪನ ಜೊತೆಗಿದ್ದ ಚಿಕ್ಕಪ್ಪ ಅವಳ ತಲೆ ಸವರಿದರು. "ತಪ್ಪು ಯಾರಿಂದಾದ್ರೂ ಆಗುತ್ತೆ ಪುಟ್ಟಿ. ಪೊಲೀಸರ ಹತ್ರ ಹೆಚ್ಚು ಮಾತಾಡ್ಬೇಡ, ನಾನಿದೀನಿ. ಅಂಗಡಿ ಕಡೆ ಇನ್ನು ಬರೋದೇ ಬೇಡ ನೀನು."

ಅವಳು ತಲೆಯಾಡಿಸಿದಳು. ಆ ಮಾತಿನ ಮೆತ್ತಗಿನ ಭಾರ ಎದೆಯ ಮೇಲೆ ಕೂತಿತು. ಅಪ್ಪನನ್ನು ತಾನೇ ಕೊಂದೆ — ಬೇರೆ ಏನೂ ಅವಳ ತಲೆಗೆ ಹೋಗುತ್ತಿರಲಿಲ್ಲ.

ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಹೆಂಗಸಿಗೆ ಠಾಣೆಯವರು ಇಟ್ಟ ಹೆಸರು ಮೌನಿ. ಮುತ್ತು ಉದುರಿದರೂ ಮಾತು ಉದುರದು ಎಂದು ಅವರ ತಮಾಷೆ. ಆಕೆ ಮೊದಲು ಅಂಗಡಿಗೆ ಕರೆಸಿದ್ದು ಕಲ್ಲು ತಂದುಕೊಟ್ಟ ಮುಳುಗುಗಾರನನ್ನು. ಕಡಲಲ್ಲಿ ಸಿಕ್ಕಿದ್ದು ತರುತ್ತೇನೆ, ಜಾತಿಗೀತಿ ನನಗೆ ತಿಳಿಯದು ಎಂದು ಅವನು ಆಣೆಯಿಟ್ಟ. ಅಲ್ಲಿ ತಳದ ಮರಳು ಹೇಗಿದೆ ಎಂದು ಮೌನಿ ಕೇಳಿದರು. ಬಿಳಿ, ಹಾಲಿನ ಹಾಗೆ, ಎಂದ. ಇದೆಂಥ ಪ್ರಶ್ನೆ ಎನ್ನುವಂತೆ ಚಿಕ್ಕಪ್ಪ ಸಣ್ಣಗೆ ನಕ್ಕರು.

ಮೌನಿ ಪುಟ್ಟಿಯ ಕಡೆ ತಿರುಗಿದರು. "ಸಾಧು ಅಂತ ಹೇಗೆ ಗುರುತಿಸಿದೆ?"

"ಘಾತುಕದ ಪಾಲಿಪ್ ಬೆಳೀತಾ ಬೆಳೀತಾ ಮರಳಿನ ಕಾಳುಗಳನ್ನ ಮೈಯೊಳಗೇ ಸೇರಿಸ್ಕೊಳ್ಳುತ್ತೆ ಮೇಡಂ. ಸಾಧುವಿನ ಮೈ ನುಣುಪು."

"ನೀನು ನೋಡಿದ್ದು?"

"ನುಣುಪು ಅನ್ಕೊಂಡೆ."

"ಅನ್ಕೊಂಡೆಯೋ — ಇತ್ತೋ?"

ಮೌನಿ ಬಿಗಿಯಾಗಿ ಮುಚ್ಚಿದ್ದ ಸೀಸೆಯನ್ನು ಮೇಜಿನ ಮೇಲಿಟ್ಟರು. ಒಳಗೆ ಬೋಗುಣಿಯಲ್ಲಿ ಸಿಕ್ಕಿದ ಕಲ್ಲು. ಭೂತಗನ್ನಡಿ ಮುಂದೆ ಸರಿಸಿದರು. ಅವಳು ಕೈ ಹಿಂದಕ್ಕೆಳೆದುಕೊಂಡಳು. "ನನ್ನ ಕಣ್ಣನ್ನ ನಾನೇ ನಂಬಲ್ಲ ಮೇಡಂ."

"ನಾನು ನಂಬ್ತೀನಿ. ನೋಡು."

ನೋಡಿದಳು. ಬೆಂದು ಸುಕ್ಕಾದ ಪಾಲಿಪ್‌ಗಳ ಮೈತುಂಬ ಕಾಳು. ಬೋಗುಣಿಯ ಕಲ್ಲಿನಲ್ಲಿ ಕಾಳು ಇದೆ ಎಂದು ಪರೀಕ್ಷೆ ಮಾಡಿದವರು ಹೇಳಿದ್ದಕ್ಕೇ ಅವಳು ತನಗೆ ತಾನೇ ಶಿಕ್ಷೆ ಬರೆದುಕೊಂಡಿದ್ದಳು. ಅದರ ಬಣ್ಣವನ್ನು ಯಾರೂ ಕೇಳಿರಲಿಲ್ಲ, ಅವಳೂ ನೋಡಿರಲಿಲ್ಲ.

"ಕಪ್ಪು," ಎಂದಳು.

ಮುಳುಗುಗಾರನ ಕಡಲತಳ ಬಿಳಿ. ಹೊಸ ಕಲ್ಲುಗಳನ್ನು ಇಡುವ ತೊಟ್ಟಿಯಲ್ಲಿ ಮರಳೇ ಇಲ್ಲ, ಬರಿಯ ಗಾಜು. ಕಪ್ಪು ಮರಳು ಇದ್ದದ್ದು ಇಡೀ ಅಂಗಡಿಯಲ್ಲಿ ಒಂದೇ ತೊಟ್ಟಿಯಲ್ಲಿ. ಬಾಗಿಲ ಪಕ್ಕದ ಆ ತೊಟ್ಟಿ ಚಿಕ್ಕಪ್ಪನದು. ಅದಕ್ಕೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ.

ಬೋಗುಣಿಗೆ ನಾಲ್ಕು ಕಾಳು ಹೇಗೋ ಬಿದ್ದಿರಬಹುದು ಎಂದರು ಚಿಕ್ಕಪ್ಪ. ಮೌನಿ ತಲೆಯಲ್ಲಾಡಿಸಿದರು. "ಮೇಲೆ ಬಿದ್ದದ್ದು ತೊಳೆದ್ರೆ ಹೋಗುತ್ತೆ. ಇದು ಮಾಂಸದೊಳಗಿದೆ. ತಿಂಗಳುಗಟ್ಟಲೆ ಕಪ್ಪು ಮರಳಲ್ಲೇ ಬೆಳೆದ ಕಲ್ಲು ಇದು. ಪುಟ್ಟಿ, ಈಗ ಆ ತೊಟ್ಟಿ ನೋಡು."

ತೊಟ್ಟಿಯ ಮೂಲೆಯಲ್ಲೊಂದು ಕಲ್ಲು. ನೀರು ನಿಶ್ಚಲವಾಗಿತ್ತು, ಪಾಲಿಪ್‌ಗಳು ಪೂರ್ತಿ ಅರಳಿದ್ದವು. ಹಸಿರು ಅಂಚು, ಬಾಯಿಯ ಸುತ್ತ ಕಿತ್ತಳೆ ಬಳೆ. ಸುತ್ತಲೂ ಕಪ್ಪು ಮರಳಿದ್ದರೂ ಮೈಯಲ್ಲಿ ಒಂದೇ ಒಂದು ಕಾಳಿಲ್ಲ.

"ಇದೇ. ಅವತ್ತು ನಾನು ನೋಡಿದ್ದು ಇದೇ ಕಲ್ಲು."

"ನೀನು ತಪ್ಪು ಮಾಡಿರಲಿಲ್ಲ," ಎಂದರು ಮೌನಿ. "ನೀನು ಮನೆಗೆ ಹೋದ ಮೇಲೆ ಕಲ್ಲುಗಳನ್ನ ಅದಲುಬದಲು ಮಾಡಿದ್ರು. ಅಂಗಡಿ ನಿನ್ನ ಹೆಸರಿಗೆ ಆಗೋದಿತ್ತಲ್ಲ? ಒಂದೇ ಏಟಿಗೆ ಎರಡು ಹಕ್ಕಿ. ಅಣ್ಣ ಸತ್ತ, ಮಗಳು ತಾನಾಗೇ ಅಂಗಡಿ ಬಿಟ್ಟು ಹೋದ್ಲು." ಆಕೆ ಚಿಕ್ಕಪ್ಪನನ್ನು ನೋಡಿದರು. "ಒಂದು ಮಾತ್ರ ಅರ್ಥವಾಗ್ಲಿಲ್ಲ. ಈ ಕಲ್ಲನ್ನ ಎಲ್ಲಾದ್ರೂ ಎಸೆದಿದ್ರೆ ನೀವು ಬಚಾವಾಗ್ತಿದ್ರಿ. ಯಾಕೆ ಎಸೀಲಿಲ್ಲ?"

ಚಿಕ್ಕಪ್ಪ ತೊಟ್ಟಿಯ ಕಡೆ ತಿರುಗಿದರು.

"ಜೀವ ಇತ್ತಲ್ಲ," ಎಂದರು. "ಎಸೆಯೋಕೆ ಮನಸ್ಸು ಬರ್ಲಿಲ್ಲ."

ಪುಟ್ಟಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅಪ್ಪಾ ಎಂದು ಗಟ್ಟಿಯಾಗಿ ಅತ್ತಳು. ಅಪ್ಪ ಹೋದಮೇಲೆ ಅವಳು ಅತ್ತದ್ದು ಅದೇ ಮೊದಲು. ಅಳುವ ಹಕ್ಕೂ ತನಗಿಲ್ಲ ಎಂದುಕೊಂಡಿದ್ದಳು.